ಸೋರುವುದೆಲ್ಲ ಮಳೆನೀರಲ್ಲ

ಗ್ಯಾರೇಜಿನ ತಾರಸಿ ಚಿಕ್ಕದು, ಆದ್ದರಿಂದ ಅದರ ಕೆಲಸವೂ ಚಿಕ್ಕದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಮನೆಯ ತಾರಸಿಗಾದರೆ ನಾಲ್ಕು ಕಡೆ ವಿಚಾರಿಸುವವರು ಗ್ಯಾರೇಜಿನ ವಿಷಯ ಬಂದಾಗ ಡಬ್ಬಿಯಲ್ಲಿ ಸಿಗುವ ಯಾವುದೋ ಲೇಪವನ್ನು ಬಳಿಸಿ ಸುಮ್ಮನಾಗುತ್ತಾರೆ. ವಾಟರ್‌ಪ್ರೂಫಿಂಗ್ ಮಾಡಿಸುವ ನನ್ನ ಕೆಲಸದಲ್ಲಿ ಅತಿ ಹೆಚ್ಚು ಬಾರಿ ಲೇಪ ಬಳಿಸಿಕೊಂಡು, ಆದರೂ ಹನಿಯುತ್ತಲೇ ಇದ್ದ ತಾರಸಿಗಳು ಗ್ಯಾರೇಜಿನವೇ.

ಅಂಥದೊಂದರ ಮಾಲೀಕರು ಹೇಳಿದ್ದು ಹೀಗೆ: "ಮಳೆ ಬಂದಾಗ ಸೋರಿದರೆ ಅರ್ಥವಾಗುತ್ತದೆ. ಇದು ಆಕಾಶ ಶುಭ್ರವಾಗಿದ್ದ ರಾತ್ರಿಯ ಮರುದಿನ ಬೆಳಿಗ್ಗೆ ಹನಿಯುತ್ತದೆಯಲ್ಲ!" ತಾರಸಿಯ ಮೇಲೆ ಹಳೆಯ ಲೇಪಗಳು ಪದರ ಪದರವಾಗಿ ಕುಳಿತಿದ್ದವು. ಒಳಗೆ ಸೂರಿಗೆ ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿದ್ದರು. ಹನಿ ಬೀಳುತ್ತಿದ್ದದ್ದು ಆ ಹಲಗೆಗಳ ಸಂದುಗಳಿಂದ.

ಇಂಥಲ್ಲಿ ನಾನು ಮೊದಲು ಮಾಡುವ ಪರೀಕ್ಷೆಗೆ ಖರ್ಚೇ ಇಲ್ಲ. ಸೂರಿನ ಕೆಳಮುಖದ ಕಾಂಕ್ರೀಟನ್ನು ಒರೆಸಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಗಿಯಾಗಿ ಅಂಟಿಸಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಪ್ಲಾಸ್ಟಿಕ್ಕಿನ ಹಿಂಬದಿ, ಅಂದರೆ ಕಾಂಕ್ರೀಟ್ ಕಡೆ ತೇವವಿದ್ದರೆ ನೀರು ಸ್ಲ್ಯಾಬಿನೊಳಗಿನಿಂದ ಬರುತ್ತಿದೆ. ನಮ್ಮ ಕಡೆಗೆ ಕಾಣುವ ಮುಖದ ಮೇಲೆ ಹನಿಗಳಿದ್ದರೆ ಅದು ಒಳಗಿನ ಗಾಳಿಯ ನೀರು. ಇಲ್ಲಿ ಹನಿಗಳಿದ್ದದ್ದು ನಮ್ಮ ಕಡೆಗೇ.

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿಸಿದರೆ, 10 ಡಿಗ್ರಿಗೆ ಇಳಿದಾಗ ಹಿಡಿಸುವುದು 9 ಗ್ರಾಂ ಮಾತ್ರ. ಉಳಿದದ್ದು ತಣ್ಣಗಿರುವ ಮೈ ಹುಡುಕಿಕೊಂಡು ಹನಿಯಾಗುತ್ತದೆ. ಮೋಡವಿಲ್ಲದ ರಾತ್ರಿ ತಾರಸಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕೆಳಗೆ ನೆನೆದ ಕಾರು ನಿಂತಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ಹನಿಯುವುದಕ್ಕೆ ಮಳೆ ಯಾಕೆ ಬೇಕು? ಒಳಗೆ ಅಂಟಿಸಿದ ಥರ್ಮಾಕೋಲ್ ಈ ತೊಂದರೆಯನ್ನು ಹೆಚ್ಚಿಸಿತ್ತು. ಕೋಣೆಯ ಬಿಸುಪು ಸ್ಲ್ಯಾಬಿಗೆ ತಲುಪದಂತೆ ತಡೆದು ಅದನ್ನು ಇನ್ನಷ್ಟು ತಣ್ಣಗೆ ಮಾಡಿತು. ಆವಿ ಮಾತ್ರ ಸಂದುಗಳಲ್ಲಿ ನುಸುಳಿ ಹಲಗೆಯ ಹಿಂದೆ ನೀರಾಯಿತು. ಮೇಲೆ ಎಷ್ಟು ಬಳಿದರೂ ಈ ನೀರು ನಿಲ್ಲುವುದಿಲ್ಲ.

ನೀರಿನ ಕೆಲಸ ಒಬ್ಬರಿಗೆ, ಶಾಖದ ಕೆಲಸ ಇನ್ನೊಬ್ಬರಿಗೆ ಎಂದು ಹಂಚುವುದನ್ನು ನಾನು ವಿರೋಧಿಸುವುದು ಇದಕ್ಕೇ. ಯಾವ ಪದರದ ಮೇಲೆ ಯಾವುದು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳದೆ ಸಾಮಾನು ತರಿಸಬಾರದು.

ಕಾಂಕ್ರೀಟ್ ತಾರಸಿಗೆ ನನ್ನ ಆಯ್ಕೆ ಸಾಮಾನ್ಯವಾಗಿ ಹೀಗಿರುತ್ತದೆ: ಇಳಿಜಾರಿನ ಗಾರೆಯ ಮೇಲೆ ನೀರು ತಡೆಯುವ ಬಿಟುಮೆನ್ (ಡಾಂಬರಿನಂಥ) ಹಾಳೆ, ಅದರ ಮೇಲೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಎಂಬ, ಶಾಖ ತಡೆಯುವ ಗಟ್ಟಿ ನೊರೆಯ ಫಲಕ, ಅದರ ಮೇಲೆ ಸೋಸುಬಟ್ಟೆ, ಕೊನೆಗೆ ಬೆಣಚುಕಲ್ಲು ಅಥವಾ ಬಿಲ್ಲೆ. ಈ ಫಲಕ ನೀರನ್ನು ಬಹಳ ಕಡಿಮೆ ಹೀರುವುದರಿಂದ ಮಳೆಗೆ ಒಡ್ಡಿಕೊಂಡರೂ ಕೆಡುವುದಿಲ್ಲ. 50 ಮಿಲಿಮೀಟರ್ ಫಲಕ ತಡೆಯುವಷ್ಟು ಶಾಖವನ್ನು ಕಾಂಕ್ರೀಟ್ ಒಂದೇ ತಡೆಯಬೇಕಾದರೆ ಎರಡು ಮೀಟರಿಗೂ ಹೆಚ್ಚು ದಪ್ಪ ಬೇಕು. ಸ್ಲ್ಯಾಬ್ ಕೋಣೆಯ ಕಡೆಯ ಬಿಸುಪಿನಲ್ಲಿ ಉಳಿಯುತ್ತದೆ, ಹಾಳೆಗೆ ಬಿಸಿಲು ತಾಗುವುದಿಲ್ಲ. ಮೇಲೆ ಭಾರ ಹೇರುವುದು ಅಂದಕ್ಕಲ್ಲ. ನೀರು ನಿಂತರೆ ಫಲಕ ತೇಲುತ್ತದೆ, ಗಾಳಿಗೆ ಹಾರುತ್ತದೆ.

ಮರದ ಅಥವಾ ತಗಡಿನ ತಾರಸಿಗೆ ಆ ಭಾರ ತಾಳುವುದಿಲ್ಲ. ಅಲ್ಲಿ ಆವಿ ತಡೆಯುವ ಹಾಳೆ ಕೆಳಗೆ, ಫಲಕ ನಡುವೆ, ನೀರು ತಡೆಯುವ ಹಾಳೆ ಎಲ್ಲಕ್ಕಿಂತ ಮೇಲೆ. ಆವಿಯ ಹಾಳೆ ಯಾವಾಗಲೂ ಬೆಚ್ಚಗಿನ ಬದಿಗೇ ಇರಬೇಕು. ಇನ್ನೊಂದು ಮಾತು: ಪಾಲಿಸ್ಟೈರೀನ್ ಮೇಲೆ ನೇರವಾಗಿ ಬೆಂಕಿ ಹಿಡಿದು ಹಾಳೆ ಅಂಟಿಸುವಂತಿಲ್ಲ, ಹಾಳೆಗೆ ಮುನ್ನ ಬಳಿಯುವ, ದ್ರಾವಕವಿರುವ ಪ್ರೈಮರ್ ತಾಗಿದರೂ ಅದು ಕರಗಿ ಗುಳಿ ಬೀಳುತ್ತದೆ. ಮರವಿರುವಲ್ಲಿ ನಾನು ಬೆಂಕಿಯುಗುಳುವ ಗ್ಯಾಸ್ ಟಾರ್ಚನ್ನೇ ಒಯ್ಯಗೊಡುವುದಿಲ್ಲ. ಸಂದಿನಲ್ಲಿ ಹೊಗೆಯಾಡುವ ಕಿಡಿ, ಕೆಲಸಗಾರರು ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು.

ಇನ್ನು ನಿಜವಾಗಿ ಮಳೆನೀರೇ ಸೋರುವ ತಾರಸಿಗಳು. ಅವುಗಳಲ್ಲಿಯೂ ನಡುಭಾಗ ಸೋರುವುದು ಅಪರೂಪ. ತೊಂದರೆ ಇರುವುದು ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯಲ್ಲಿ, ನೀರು ಹೋಗುವ ಕೊಳವೆಯ ಬಾಯಿಯಲ್ಲಿ, ಮನೆಯ ಗೋಡೆಗೆ ಗ್ಯಾರೇಜ್ ಅಂಟಿಕೊಂಡಿರುವ ಗೆರೆಯಲ್ಲಿ. ಆರು ಮೀಟರ್ ಉದ್ದದ ಸ್ಲ್ಯಾಬಿನ ಉಷ್ಣತೆ 40 ಡಿಗ್ರಿ ಏರಿಳಿದರೆ ಅದರ ಉದ್ದ ಎರಡು ಮಿಲಿಮೀಟರಿಗಿಂತ ಹೆಚ್ಚು ಬದಲಾಗುತ್ತದೆ. ಗೋಡೆ ಅದರ ಜೊತೆ ಚಲಿಸುವುದಿಲ್ಲ. ಸಿಮೆಂಟ್ ತುಂಬಿ ಮುಚ್ಚಿದ ಬಿರುಕು ಮತ್ತೆ ಬಾಯಿ ಬಿಡುವುದು ಅದಕ್ಕೆ. ಮೂಲೆಗೆ ಓರೆಯಾಗಿ ಗಾರೆ ಕೊಟ್ಟು, ಹಾಳೆಯನ್ನು ಮಡಿಸದೆ ಬಾಗಿಸಿ, ಗೋಡೆಯ ಮೇಲೆ ಕನಿಷ್ಠ 150 ಮಿಲಿಮೀಟರ್ ಏರಿಸಿ, ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಅದರ ತುದಿಯನ್ನು ಸೇರಿಸಿ ಮುಚ್ಚಬೇಕು. ಹಾಳೆ ಹಾಸುವುದು ತಗ್ಗಿನ ಕಡೆಯಿಂದ. ಮೇಲಿನ ಹಾಳೆ ಕೆಳಗಿನದರ ಅಂಚನ್ನು 100 ಮಿಲಿಮೀಟರಿನಷ್ಟು ಹೊದ್ದಿರಬೇಕು. ಆತುರದ ತಂಡವನ್ನು ಗುರುತಿಸಲು ನಾನು ನೋಡುವುದು ಆ ಮೂಲೆಗಳನ್ನೇ.

ಇಳಿಜಾರಿನ ವಿಷಯದಲ್ಲಿ ಜಿಪುಣತನ ಬೇಡ. 80ಕ್ಕೆ 1 ಎಂದರೆ ಆರು ಮೀಟರಿಗೆ 75 ಮಿಲಿಮೀಟರ್ ಇಳಿತ. ನಾನು ನಕ್ಷೆಯಲ್ಲಿ ಅದರ ಎರಡು ಪಟ್ಟು ಕೇಳುತ್ತೇನೆ, ಏಕೆಂದರೆ ಕರಣೆ ಹಿಡಿದ ಕೈ ಮತ್ತು ಬಾಗುವ ತೊಲೆ ಸೇರಿ ಸ್ವಲ್ಪವನ್ನು ತಿಂದೇ ತಿನ್ನುತ್ತವೆ. ಹೊಸ ಗಾರೆ ಒಣಗುವ ಮುನ್ನ ಹಾಳೆ ಅಂಟಿಸಿದರೆ ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಹಾಳೆ ಗುಳ್ಳೆಯೇಳುತ್ತದೆ.

ಕೆಲಸವಾದ ಮೇಲೆ ಕೊಳವೆಯ ಬಾಯಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡುವ ರೂಢಿ ಒಳ್ಳೆಯದೇ, ಆದರೆ ಲೆಕ್ಕ ಹಾಕಿ ಮಾಡಿ. ಮೂರು ಮೀಟರ್ ಅಗಲ, ಆರು ಮೀಟರ್ ಉದ್ದದ ತಾರಸಿಯ ಮೇಲೆ 50 ಮಿಲಿಮೀಟರ್ ನೀರು ನಿಂತರೆ ಅದರ ತೂಕ 900 ಕಿಲೋ. ಮರದ ತಾರಸಿಗೆ ಈ ಪರೀಕ್ಷೆ ಬೇಡವೇ ಬೇಡ. ಕೊಳವೆ ಹಿಡಿದು ಮೂಲೆಗಳಿಗೆ ನೀರು ಬಿಟ್ಟು ನೋಡಿದರೆ ಸಾಕು.

ಎಲ್ಲ ಗ್ಯಾರೇಜಿಗೂ ಶಾಖ ತಡೆ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಅವರಿಗೆ ಹಿಡಿಸುವುದಿಲ್ಲ. ತೆಳುವಾದ ತಗಡಿನ ಬಾಗಿಲು, ಒಂದೇ ಇಟ್ಟಿಗೆಯ ಗೋಡೆ, ಒಳಗೆ ಯಾರೂ ಕೂರುವುದಿಲ್ಲ ಎಂದಾದರೆ, ಚಳಿಯ ಲೆಕ್ಕದಲ್ಲಿ ದುಬಾರಿ ಫಲಕದಿಂದ ಆಗುವ ಉಪಯೋಗ ಅಲ್ಪ. ಅಲ್ಲಿ ಗೋಡೆಯ ಮೇಲೂ ಕೆಳಗೂ ಗಾಳಿಕಿಂಡಿ ಬಿಟ್ಟು, ಉಳಿದ ಹಣವನ್ನು ಒಳ್ಳೆಯ ಹಾಳೆಗೂ ಮೂಲೆಗಳಿಗೂ ಹಾಕಿಸುತ್ತೇನೆ. ಅದೇ ಗ್ಯಾರೇಜಿನಲ್ಲಿ ಹಗಲೆಲ್ಲ ಕೆಲಸ ಮಾಡುವವರಿದ್ದರೆ, ಅಥವಾ ಮೇಲೆ ನೆತ್ತಿ ಸುಡುವ ಬಿಸಿಲಿದ್ದರೆ ಫಲಕ ಬೇಕು, ಅದೂ ಸ್ಲ್ಯಾಬಿನ ಮೇಲೆ. ಆ ಮಾಲೀಕರಿಗೆ ಒಳಗಿನ ಥರ್ಮಾಕೋಲ್ ಕಿತ್ತು ಹಾಕಲು ಹೇಳಿದಾಗ ಅವರು ಕೇಳಿದ ಪ್ರಶ್ನೆ, "ಅದಕ್ಕೂ ನಾನು ದುಡ್ಡು ಕೊಟ್ಟಿದ್ದೇನಲ್ಲ?" ಎಂಬುದಾಗಿತ್ತು. ಕೀಳುವ ಕೂಲಿಯನ್ನು ನಾವು ಬಿಲ್ಲಿಗೆ ಸೇರಿಸಲಿಲ್ಲ.