ಹದಿನೇಳು ವರ್ಷದ ಹಾಡಿಗೆ ಸಿಕ್ಕ ಒಂದು ವಾರ

ಕ್ರಿಸ್‌ಮಸ್ ವಾರದ ಸಿಂಗಲ್ಸ್ ಚಾರ್ಟಿನಲ್ಲಿ, ಅಂದರೆ ಬಿಡಿಯಾಗಿ ಬಿಡುಗಡೆಯಾಗುವ ಹಾಡುಗಳ ಶ್ರೇಯಾಂಕ ಪಟ್ಟಿಯಲ್ಲಿ, ಯಾವ ಹಾಡು ಮೊದಲನೆಯದಾಗುತ್ತದೆ ಎಂಬುದರ ಮೇಲೆ ಹಣ ಕಟ್ಟಿ ಬಾಜಿ ಆಡುವವರು ಬ್ರಿಟನ್ನಿನಲ್ಲಿದ್ದಾರೆ. ಆದರೆ 2005ರಿಂದ 2008ರವರೆಗೆ ಆ ಕುತೂಹಲಕ್ಕೆ ಹೆಚ್ಚು ಎಡೆಯಿರಲಿಲ್ಲ. ‘ಎಕ್ಸ್ ಫ್ಯಾಕ್ಟರ್’ ಎಂಬ ಟಿವಿ ಸ್ಪರ್ಧೆ ಡಿಸೆಂಬರಿನಲ್ಲಿ ಮುಗಿಯುತ್ತಿತ್ತು, ಗೆದ್ದವರ ಹಾಡು ಕೂಡಲೇ ಬಿಡುಗಡೆಯಾಗಿ ನಾಲ್ಕೂ ವರ್ಷ ಅಗ್ರಸ್ಥಾನಕ್ಕೇರಿತು.

2009ರಲ್ಲಿ ಆ ಸರಪಳಿಯನ್ನು ಕಡಿದದ್ದು ಲಾಸ್ ಏಂಜಲೀಸ್‌ನ ರಾಕ್ ತಂಡ ರೇಜ್ ಎಗೇನ್‌ಸ್ಟ್ ದ ಮಷೀನ್. ಅದರ ‘ಕಿಲ್ಲಿಂಗ್ ಇನ್ ದ ನೇಮ್’ ಮೊದಲು ಬಿಡುಗಡೆಯಾದದ್ದು 1992ರಲ್ಲಿ. ಆಗ ಬ್ರಿಟಿಷ್ ಚಾರ್ಟಿನಲ್ಲಿ ಅದು ಮುಟ್ಟಿದ ಎತ್ತರ 25ನೇ ಸ್ಥಾನ. ಎಸೆಕ್ಸ್‌ನ ಜಾನ್ ಮತ್ತು ಟ್ರೇಸಿ ಮಾರ್ಟರ್ ದಂಪತಿ, ಈ ಹಾಡನ್ನು ಅದೊಂದು ವಾರದಲ್ಲಿಯೇ ಕೊಳ್ಳಿರೆಂದು ಫೇಸ್‌ಬುಕ್ಕಿನಲ್ಲಿ ಕರೆ ಕೊಟ್ಟರು. ಮಾರಾಟವಾದದ್ದು 5,02,672, ಆ ವರ್ಷದ ಸ್ಪರ್ಧೆಯಲ್ಲಿ ಗೆದ್ದಿದ್ದ ಜೋ ಮ್ಯಾಕೆಲ್‌ಡೆರಿಯ ‘ದ ಕ್ಲೈಂಬ್’ ಸುಮಾರು ಐವತ್ತು ಸಾವಿರದಷ್ಟು ಹಿಂದುಳಿಯಿತು.

ಇದನ್ನು ಬಂಡಾಯವೆಂದು ಕೊಂಡಾಡುವವರೇ ಹೆಚ್ಚು. ನನಗೆ ಮಾತ್ರ ಇದರಲ್ಲಿ ಮುಖ್ಯವಾಗಿ ಕಾಣುವುದು ಎಣಿಕೆಯ ನಿಯಮ. ಅಂಗಡಿಯಲ್ಲಿ ಡಿಸ್ಕ್ ಇಲ್ಲದಿದ್ದರೂ ಡೌನ್‌ಲೋಡ್ ಒಂದರಿಂದಲೇ ಯಾವ ಹಾಡಾದರೂ ಚಾರ್ಟಿಗೆ ಬರಬಹುದೆಂದು 2007ರ ಜನವರಿಯಲ್ಲಿ ನಿಯಮ ಸಡಿಲವಾಗಿರದಿದ್ದರೆ, ಈ ದಂಪತಿ ಮೊದಲು ಒಂದು ಕಂಪನಿಯನ್ನು ಒಪ್ಪಿಸಿ, ಹಳೆಯ ಹಾಡಿನ ಡಿಸ್ಕುಗಳನ್ನು ಮತ್ತೆ ಅಚ್ಚು ಹಾಕಿಸಿ, ಊರೂರಿನ ಅಂಗಡಿಗಳಿಗೆ ತಲುಪಿಸಬೇಕಾಗುತ್ತಿತ್ತು. ಇನ್ನೊಂದು ಅನುಕೂಲವೂ ಇತ್ತು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ರೇಡಿಯೊ ಪ್ರಸಾರಕ್ಕೂ ಲೆಕ್ಕವಿದೆ. ಆಗಿನ ಬ್ರಿಟಿಷ್ ಚಾರ್ಟಿನಲ್ಲಿ ಮಾರಾಟವೊಂದೇ ಲೆಕ್ಕ. ಕೊನೆಯಲ್ಲಿ ಒಂದೇ ಬೈಗುಳವನ್ನು ಮತ್ತೆ ಮತ್ತೆ ಕೂಗುವ ಈ ಹಾಡನ್ನು ರೇಡಿಯೊ ಹಾಗೆಯೇ ಹಾಕುವಂತಿರಲಿಲ್ಲ, ಹಾಕಬೇಕಾದ ಅಗತ್ಯವೂ ಇರಲಿಲ್ಲ. ಹೀಗೆ ಬರಿಯ ಡೌನ್‌ಲೋಡಿನಿಂದಲೇ ಕ್ರಿಸ್‌ಮಸ್ ಅಗ್ರಸ್ಥಾನ ಪಡೆದ ಮೊದಲ ಸಿಂಗಲ್ ಇದಾಯಿತು. (ಯಾರ ಮಾತನ್ನೂ ಕೇಳುವುದಿಲ್ಲವೆಂದು ಹಠ ಹಿಡಿಯುವ ಹಾಡನ್ನು ಲಕ್ಷಾಂತರ ಜನ ಇನ್ನೊಬ್ಬರ ಮಾತು ಕೇಳಿ ಕೊಂಡದ್ದು ಬೇರೆಯ ತಮಾಷೆ.)

ಗೆದ್ದ ಹಾಡೂ ಸೋತ ಹಾಡೂ ಸೋನಿ ಸಂಸ್ಥೆಯ ಲೇಬಲ್‌ಗಳಿಗೇ ಸೇರಿದ್ದವು. ತಂಡ ಮಾತ್ರ ಕೃತಜ್ಞತೆ ಮರೆಯಲಿಲ್ಲ. 2010ರ ಜೂನ್ 6ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಉಚಿತ ಕಛೇರಿ ನೀಡಿತು. ಮ್ಯಾಕೆಲ್‌ಡೆರಿಯ ಹಾಡಾದರೋ ಅಷ್ಟು ಕಾಯಬೇಕಾಗಲಿಲ್ಲ: ಕ್ರಿಸ್‌ಮಸ್ ಕಳೆದ ಮರುವಾರವೇ ಮೊದಲ ಸ್ಥಾನದಲ್ಲಿತ್ತು.