ಹೆಚ್ಚುವರಿ ಗಂಟೆ ದಿನದ ಯಾವ ಹೊತ್ತಿಗೆ ಸೇರಬೇಕು?

ನನ್ನ ಮಗಳಿಗೆ ನಾಲ್ಕು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗಾದ ತೊಂದರೆಯಿಂದ ಮೈಯ ಚಲನೆ ಕಷ್ಟವಾಗುವ ಸ್ಥಿತಿ. ಎರಡೂ ಕಾಲಿನ ಸ್ನಾಯುಗಳು ಬಿಗಿ, ಎಡಗೈ ಸ್ವಲ್ಪ ನಿಧಾನ. ಮಾತು ಬರುತ್ತದೆ, ಆದರೆ ವಾಕ್ಯ ಕೂಡಿಸಿಕೊಳ್ಳಲು ಹೊತ್ತು ಬೇಕು. ಈ ವರ್ಷದಿಂದ ಶಿಶುವಿಹಾರದಲ್ಲಿ ಅವಳಿಗೆ ದಿನಕ್ಕೆ ಒಂದು ಗಂಟೆ ಹೆಚ್ಚಿನ ಸಮಯ, ಜೊತೆಗೊಬ್ಬ ಸಹಾಯಕಿ ಸಿಕ್ಕಿದ್ದಾರೆ. ‘ಅಷ್ಟು ಚಿಕ್ಕ ಮಗುವಿಗೆ ಇನ್ನೂ ಜಾಸ್ತಿ ಹೊತ್ತು ಶಾಲೆಯಾ?’ ಎಂದು ಕೇಳಿದವರಿದ್ದಾರೆ. ಅವರಿಗಾಗಿ, ಮತ್ತು ಇಂಥದ್ದೇ ಸೌಲಭ್ಯ ಕೇಳಲು ಹೊರಟಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಗಂಟೆ ಹೆಚ್ಚಿನ ಪಾಠಕ್ಕಲ್ಲ. ಬೇರೆ ಮಕ್ಕಳಿಗೆ ತಾನಾಗಿಯೇ ಸಿಗುವ ಹೊತ್ತು ನನ್ನ ಮಗಳ ಕೈಯಿಂದ ಜಾರಿಹೋಗುತ್ತಿತ್ತು, ಅದನ್ನು ವಾಪಸು ಕೊಡುವುದಕ್ಕೆ. ಊಟದ ಹೊತ್ತನ್ನೇ ನೋಡಿ. ತರಗತಿಯವರೆಲ್ಲ ಇಪ್ಪತ್ತು ನಿಮಿಷದಲ್ಲಿ ತಿಂದು ಏಳುತ್ತಾರೆ. ಇವಳಿಗೆ ಕುರ್ಚಿಯಲ್ಲಿ ಸೊಂಟ ನೇರವಾಗಬೇಕು, ಪಾದಕ್ಕೆ ಆಸರೆ ಸಿಗಬೇಕು, ಆಮೇಲೆಯೇ ಕೈ ಬಾಯಿಯವರೆಗೆ ಬರುವುದು. ಅವಸರಪಡಿಸಿದರೆ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಹಾಗಾಗಿ ಮೊದಲು ಅವಳ ಮುಂದೆ ಎರಡೇ ದಾರಿ: ಅರೆಹೊಟ್ಟೆಯಲ್ಲಿ ಆಟಕ್ಕೆ ಹೋಗುವುದು, ಇಲ್ಲವೇ ಹೊಟ್ಟೆ ತುಂಬಿಸಿಕೊಂಡು ಆಟ ತಪ್ಪಿಸಿಕೊಳ್ಳುವುದು. ಹೆಚ್ಚಾಗಿ ತಪ್ಪುತ್ತಿದ್ದದ್ದು ಆಟವೇ. ನಾಲ್ಕು ವರ್ಷದವರಿಗೆ ಸ್ನೇಹ ಬೆಳೆಯುವುದು ಆಟದಲ್ಲಿ. ಶೂ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಎಲ್ಲದರ ಲೆಕ್ಕವೂ ಹೀಗೆಯೇ.

ಈಗ ಅವಳು ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಬರುತ್ತಾಳೆ. ಗದ್ದಲವಿಲ್ಲದ ಕೋಣೆಯಲ್ಲಿ ಸ್ಟ್ಯಾಂಡಿಂಗ್ ಫ್ರೇಮಿನಲ್ಲಿ, ಅಂದರೆ ನಿಲ್ಲಲು ಆಸರೆ ಕೊಡುವ ಚೌಕಟ್ಟಿನಲ್ಲಿ, ನಿಂತು ಬಣ್ಣ ಹಚ್ಚುತ್ತಾಳೆ. ಸ್ನಾಯುಗಳಿಗೆ ಬೇಕಾದ ಹಿಗ್ಗುವಿಕೆ ಅಲ್ಲೇ ಸಿಗುತ್ತದೆ, ಅದಕ್ಕೆಂದು ಮಕ್ಕಳೆಲ್ಲ ಸುತ್ತ ಕೂತು ಹಾಡು, ಕತೆ ಕೇಳುವ ವೃತ್ತಕೂಟದಿಂದ ಅವಳನ್ನು ಎಬ್ಬಿಸಿಕೊಂಡು ಹೋಗಬೇಕಾಗಿಲ್ಲ. ಉಳಿದ ಅರ್ಧ ಗಂಟೆ ಊಟಕ್ಕೆ, ಆಮೇಲಿನ ವಿಶ್ರಾಂತಿಗೆ. ವಿಶ್ರಾಂತಿ ಬೇಕೇಬೇಕು: ಬಿಗಿದ ಸ್ನಾಯುಗಳಿಂದ ನಡೆಯುವ ಮಗುವಿಗೆ ಅದೇ ದೂರಕ್ಕೆ ಉಳಿದ ಮಕ್ಕಳಿಗಿಂತ ಎಷ್ಟೋ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಆದ್ದರಿಂದಲೇ ಗಂಟೆ ಹೆಚ್ಚಿಸಿದರೆ ಎಲ್ಲ ಮಕ್ಕಳಿಗೂ ಒಳ್ಳೆಯದು ಎಂದು ನಾನು ಹೇಳಲಾರೆ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ನೆರವಾಗುವಂತೆ ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಅಳವಡಿಸುವ ಸಾಧನ) ಇರುವ ಮಗುವಿಗೆ ಗದ್ದಲದ ನಡುವೆ ಮಾತು ಹಿಡಿಯುವುದೇ ದೊಡ್ಡ ದುಡಿಮೆ. ಅದಕ್ಕೆ ಬೇಕಿರುವುದು ದಿನದ ಮಧ್ಯೆ ಸದ್ದಿಲ್ಲದ ಒಂದು ಬಿಡುವು ಇರಬಹುದು. ಆಟಿಸಂ ಇರುವ ಮಗುವಿಗೆ ಕೋಣೆ ತುಂಬುವ ಮೊದಲು ಬಂದು ಕೂರುವ ಹದಿನೈದು ನಿಮಿಷವೇ ಇಡೀ ದಿನವನ್ನು ಸುಗಮ ಮಾಡೀತು. ಎಷ್ಟು ಹೊತ್ತು ಎಂದು ಕೇಳುವ ಮುಂಚೆ ಯಾವ ಹೊತ್ತು, ಯಾರ ಜೊತೆ ಎಂದು ಕೇಳಬೇಕು.

ಸಹಾಯಕಿಯ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಅವರು ಸದಾ ಮಗುವಿಗೆ ಅಂಟಿಕೊಂಡೇ ಕೂತರೆ ಬೇರೆ ಮಕ್ಕಳು ಹತ್ತಿರ ಸುಳಿಯುವುದಿಲ್ಲ. ನಮಗೆ ಸಿಕ್ಕವರಿಗೆ ಇದು ಗೊತ್ತು. ಬ್ಲಾಕುಗಳನ್ನು ಇವಳ ಕೈಗೆಟುಕುವ ಎತ್ತರಕ್ಕೆ ಇಟ್ಟು, ಇನ್ನಿಬ್ಬರನ್ನು ಕರೆದು, ತಾವು ಹಿಂದೆ ಸರಿಯುತ್ತಾರೆ. ಇವಳನ್ನು ಏನಾದರೂ ಕೇಳಿದ ಮೇಲೆ ಸುಮ್ಮನೆ ಕಾಯುತ್ತಾರೆ. ಹತ್ತು ಸೆಕೆಂಡಿನ ಮೌನ ದೊಡ್ಡವರಿಗೆ ತಡೆಯಲಾರದಷ್ಟು ಉದ್ದ, ಪಕ್ಕದ ಮಗುವೋ ಶಿಕ್ಷಕಿಯೋ ಉತ್ತರ ಹೇಳಿಬಿಡುತ್ತಾರೆ. ನಮ್ಮ ಸಹಾಯಕಿ ಹೇಳುವುದಿಲ್ಲ. ಮೊನ್ನೆ ‘ಕೆಂಪು ನಂಗೆ, ನೀಲಿ ನಿಂಗೆ’ ಎಂದು ಇವಳೇ ಹಂಚಿದಳಂತೆ. ಅದನ್ನು ಕೇಳಿ ನಾನು ಎಷ್ಟು ಹಿಗ್ಗಿದೆ ಎಂದು ಹೇಳಲು ಬಾರದು.

ಇದನ್ನು ಯಾರೂ ದಯೆ ಎಂದುಕೊಳ್ಳಬಾರದು. ಅಂಗವಿಕಲರ ಹಕ್ಕುಗಳ ಕುರಿತು 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 24ನೇ ವಿಧಿ, ಶಿಕ್ಷಣದಲ್ಲಿ ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕೆನ್ನುತ್ತದೆ. ಬೆಂಬಲವನ್ನು ಸಾಮಾನ್ಯ ಶಿಕ್ಷಣ ವ್ಯವಸ್ಥೆಯೊಳಗೇ ಕೊಡಬೇಕೆಂದೂ ಹೇಳುತ್ತದೆ. ‘ಒಂದು ವರ್ಷ ಇದೇ ತರಗತಿಯಲ್ಲಿ ಉಳಿಸಿಕೊಳ್ಳೋಣ’ ಎಂಬ ಸಲಹೆ ನಮಗೂ ಬಂತು. ಕೆಲವು ಮಕ್ಕಳಿಗೆ ಅದು ಸರಿ ಇದ್ದೀತು. ಆದರೆ ಬೆಂಬಲವೇ ಇಲ್ಲದೆ ಅದೇ ವರ್ಷವನ್ನು ಮತ್ತೆ ಕಳೆದರೆ ಮಗುವಿಗೆ ಸಿಗುವುದೇನು? ಗೆಳೆಯರು ಮುಂದೆ ಹೋಗುತ್ತಾರೆ, ಅಷ್ಟೇ. ನಾವು ಒಪ್ಪಲಿಲ್ಲ.

ಮುಂದಿನ ಸಭೆಗೆ ಅವಳ ಒಂದು ದಿನವನ್ನು ನಿಮಿಷಗಳ ಲೆಕ್ಕದಲ್ಲಿ ಬರೆದುಕೊಂಡು ಹೋಗುತ್ತಿದ್ದೇನೆ: ಎಲ್ಲಿ ತಡವಾಗುತ್ತದೆ, ಎಲ್ಲಿ ಆಟ ತಪ್ಪುತ್ತದೆ, ಎಲ್ಲಿ ದಣಿಯುತ್ತಾಳೆ. ನೀವೂ ಕೇಳಲು ಹೊರಟಿದ್ದರೆ ಹೀಗೊಂದು ಪಟ್ಟಿ ಕೈಯಲ್ಲಿರಲಿ. ಒಪ್ಪಿಕೊಂಡದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಸಹಾಯಕಿ ರಜೆ ಹಾಕಿದ ದಿನ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಅದರಲ್ಲಿರಲಿ.