ಟೇಬಲ್ಲಿನ ಆ ಕಡೆ ಕೂತವರಿಗೆ ಬಿಡಿಸಿದ ಚಿತ್ರ

ನಮ್ಮ ಬ್ಯಾಚಿಗೆ ಹಿಸ್ಟರಿ ಆಫ್ ಆರ್ಕಿಟೆಕ್ಚರ್ ಪಾಠ ಮಾಡಿದ ಮೇಡಂ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಮೇಡಂ ಅಂತಲೇ ಬರೆಯುತ್ತೇನೆ. ನಮ್ಮ ಕಾಲದವರಿಗೆ ಯಾರು ಅಂತ ಹೇಳೋದೇ ಬೇಡ.

ಸಿಲಬಸ್ಸಿನಲ್ಲಿ ಅಮೆರಿಕ ಅಂದರೆ ಲೂಯಿ ಸಲಿವನ್, ಫ್ರಾಂಕ್ ಲಾಯ್ಡ್ ರೈಟ್, ಲೂಯಿ ಕಾನ್. ಅಷ್ಟೇ. ಸಲಿವನ್ ಅಂದ ಕೂಡಲೇ 'ಫಾರ್ಮ್ ಫಾಲೋಸ್ ಫಂಕ್ಷನ್', ಅಂದರೆ ಕಟ್ಟಡದ ಆಕಾರ ಅದರ ಬಳಕೆಗೆ ತಕ್ಕಂತೆ, ಅಂತ ಬರೆದರೆ ಅಂಕ ಬರುತ್ತಿತ್ತು. ಮೇಡಂ ಕೇಳುತ್ತಿದ್ದದ್ದೇ ಬೇರೆ. 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ವೇನ್‌ರೈಟ್ ಬಿಲ್ಡಿಂಗ್ ಎಬ್ಬಿಸಿ, ಸ್ಟೀಲ್ ಫ್ರೇಮಿನ ಎತ್ತರದ ಕಟ್ಟಡ ಹೇಗಿರಬೇಕು ಅಂತ ತೋರಿಸಿಕೊಟ್ಟವರು 1924ರಲ್ಲಿ ಷಿಕಾಗೋದ ಒಂದು ಹೋಟೆಲ್ ರೂಮಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಯಾಕೆ ತೀರಿಕೊಂಡರು? 1893ರಲ್ಲಿ ಅಮೆರಿಕದ ವ್ಯಾಪಾರ ಬಿದ್ದುಹೋಯಿತು, ಎರಡು ವರ್ಷಕ್ಕೆ ಪಾಲುದಾರ ಆಡ್ಲರ್ ಬೇರೆಯಾದರು, ದೊಡ್ಡ ಕೆಲಸ ಬರೋದು ನಿಂತಿತು. ಕೊನೆಗೆ ಸಣ್ಣ ಸಣ್ಣ ಊರಿನ ಬ್ಯಾಂಕುಗಳು ಸಿಕ್ಕವು. ಅಂಥದ್ದರಲ್ಲಿ ಒಂದು, ಮಿನೆಸೋಟದ ಓವಟೋನಾದ ಬ್ಯಾಂಕು, 1908ರದ್ದು. ಅದರ ದೊಡ್ಡ ಕಮಾನಿನ ಸ್ಲೈಡ್ ಬಂದಾಗ ಮೇಡಂ ಪ್ರೊಜೆಕ್ಟರ್ ಮುಂದಕ್ಕೆ ಒತ್ತುತ್ತಲೇ ಇರಲಿಲ್ಲ. ಕೆಲಸ ಚಿಕ್ಕದಾದರೂ ಕೈ ಚಿಕ್ಕದಾಗಿಲ್ಲ ನೋಡಿ, ಅಂದಿದ್ದರು.

ಆದರೆ ನಾನು ಮುಖ್ಯವಾಗಿ ಬರೆಯಬೇಕಾದದ್ದು ಸಿಲಬಸ್ಸಿನಲ್ಲಿ ಇಲ್ಲದ ಪಾಲ್ ವಿಲಿಯಮ್ಸ್ ಅನ್ನುವ ಆರ್ಕಿಟೆಕ್ಟ್ ಬಗ್ಗೆ. ಮೇಡಂ ಕೆಲವು ವರ್ಷ ಲಾಸ್ ಏಂಜಲೀಸ್‌ನಲ್ಲಿ ಇದ್ದು ಬಂದವರು, ಅಲ್ಲಿ ವಿಲಿಯಮ್ಸ್ ಕಟ್ಟಡಗಳನ್ನು ಓಡಾಡಿ ನೋಡಿದ್ದರು. ವಿಲಿಯಮ್ಸ್ ಹುಟ್ಟಿದ್ದು 1894ರಲ್ಲಿ, ಅದೇ ಊರಿನಲ್ಲಿ. ಕಪ್ಪು ಜನಾಂಗದ ಹುಡುಗ, ನಾಲ್ಕು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಸಾಕಿದ್ದು ಬೇರೆ ಕುಟುಂಬ. ಆರ್ಕಿಟೆಕ್ಟ್ ಆಗ್ತೀನಿ ಅಂದಾಗ ಹೈಸ್ಕೂಲಿನ ಮೇಷ್ಟ್ರೇ ಬೇಡ ಅಂದರು: ಬಿಳಿಯರು ನಿನಗೆ ಕೆಲಸ ಕೊಡಲ್ಲ, ನಿನ್ನವರಿಗೆ ಕೊಡುವ ಶಕ್ತಿ ಇಲ್ಲ ಅಂತ. 1921ರಲ್ಲಿ ಲೈಸೆನ್ಸ್ ತಗೊಂಡರು. 1923ರಲ್ಲಿ ಅಮೆರಿಕನ್ ಇನ್ಸ್‌ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ಮೊದಲ ಕಪ್ಪು ಸದಸ್ಯರಾದರು.

ಕೆಲಸ ಕೇಳಿಕೊಂಡು ಬಂದ ಬಿಳಿಯರಿಗೆ ಇವರ ಪಕ್ಕ ಕೂತು ಪ್ಲಾನ್ ನೋಡೋದಕ್ಕೆ ಇರುಸುಮುರುಸು. ಅದಕ್ಕೆ ವಿಲಿಯಮ್ಸ್ ತಲೆಕೆಳಗಾಗಿ ಬಿಡಿಸೋದು ಕಲಿತರು. ತಾವು ಈ ಕಡೆ ಕೂತು, ಟೇಬಲ್ಲಿನ ಆ ಕಡೆ ಇರುವವರಿಗೆ ಸರಿಯಾಗಿ ಕಾಣುವ ಹಾಗೆ, ಅವರು ಮಾತಾಡುತ್ತಿರುವಾಗಲೇ ಮನೆ ಬಿಡಿಸಿ ಮುಗಿಸುತ್ತಿದ್ದರು.

ಮೇಡಂ ಇದನ್ನು ಬರೀ ಹೇಳಿ ಬಿಡಲಿಲ್ಲ. ನಮ್ಮನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಂದೊಂದು ಟ್ರೇಸಿಂಗ್ ಶೀಟ್ ಕೊಟ್ಟರು. ಎದುರಿನವರಿಗೆ ಒಂದು ಸಣ್ಣ ಮನೆ ಬಿಡಿಸಿ ಅಂದರು. ಮಾಡಿ ನೋಡಿ, ಗೊತ್ತಾಗುತ್ತೆ. ನೆಲದ ಗೆರೆ ನಮ್ಮಿಂದ ದೂರಕ್ಕೆ ಹೋಗಬೇಕು, ಚಾವಣಿ ನಮ್ಮ ಹೊಟ್ಟೆಯ ಕಡೆ ಬರಬೇಕು. ಬಾಗಿಲು ಅವರ ಎಡಕ್ಕೆ ಬೇಕಾದರೆ ನಮ್ಮ ಬಲಕ್ಕೆ ಹಾಕಬೇಕು. ಕಿಟಕಿ ಮೇಲಿನ ಸಜ್ಜಾ ಬಂದಾಗ ಎಲ್ಲರ ಪೆನ್ಸಿಲ್ಲೂ ನಿಂತಿತು. 'ಹಾಲ್' ಅಂತ ತಲೆಕೆಳಗಾಗಿ ಬರೆಯುವಷ್ಟರಲ್ಲಿ ಬೆವರು ಬಂತು. ಮೊದಮೊದಲು ಎಲ್ಲರೂ ನಗುತ್ತಿದ್ದೆವು. ಆಗ ಮೇಡಂ, ಇದು ಕೈಚಳಕ ಅಂತ ತಿಳ್ಕೋಬೇಡಿ, ಕೆಲಸ ಉಳಿಸಿಕೊಳ್ಳೋಕೆ ಒಬ್ಬ ಮನುಷ್ಯ ದಿನಾ ಮಾಡಬೇಕಾಗಿ ಬಂದದ್ದು, ಅಂದರು. ನಮ್ಮ ಕ್ಲಾಸಿನಲ್ಲೇ ಒಬ್ಬನಿಗೆ ಜಾತಿ ಕೇಳಿ ಬಾಡಿಗೆ ರೂಮು ಇಲ್ಲ ಅಂದಿದ್ದರು. ಅವನು ಆ ದಿನ ಬೆಲ್ ಹೊಡೆದ ಮೇಲೂ ಏಳಲಿಲ್ಲ, ಶೀಟ್ ಮುಗಿಸಿಯೇ ಎದ್ದ.

ವಿಲಿಯಮ್ಸ್ ಹೆಚ್ಚುಕಡಿಮೆ 2000 ಮನೆ ಮಾಡಿದರು ಅಂತ ಲೆಕ್ಕ. ಗಾಯಕ ಫ್ರಾಂಕ್ ಸಿನಾಟ್ರಾ ಮನೆಯೂ ಅವರದ್ದೇ. ಆಗ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ ಕಪ್ಪು ಜನರಿಗೆ ಮಾರುವಂತಿಲ್ಲ ಅನ್ನುವ ಷರತ್ತು ಇರುತ್ತಿತ್ತು. ತಾನು ಪ್ಲಾನ್ ಹಾಕಿಕೊಟ್ಟ ಬೀದಿಯಲ್ಲಿ ತಾನು ಒಂದು ಸೈಟು ಕೊಳ್ಳುವಂತಿಲ್ಲ! ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ವಿಲಿಯಮ್ಸ್ ತಮಗೆ ಅಂತ ಮನೆ ಕಟ್ಟಿಕೊಂಡದ್ದು 1951ರ ಹೊತ್ತಿಗೆ, ಐವತ್ತು ದಾಟಿದ ಮೇಲೆ. ಮೆಂಫಿಸ್‌ನಲ್ಲಿ 1962ರಲ್ಲಿ ಶುರುವಾದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ಫೀಸೇ ತಗೊಳ್ಳದೆ ಡಿಸೈನ್ ಮಾಡಿಕೊಟ್ಟರು.

ಅಮೆರಿಕದ ಇನ್ನೊಬ್ಬ ಆರ್ಕಿಟೆಕ್ಟ್ ಜೂಲಿಯಾ ಮಾರ್ಗನ್ ಹೆಸರು ಕೇಳಿದ್ದೂ ಮೇಡಂ ಬಾಯಲ್ಲೇ. ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಅನ್ನುವ ಕಲಾಶಾಲೆಯಲ್ಲಿ ಆರ್ಕಿಟೆಕ್ಚರ್‌ಗೆ ಸೀಟು ಪಡೆದ ಮೊದಲ ಹೆಂಗಸು. ಹೆಂಗಸು ಅಂತ ಅಂಕ ಇಳಿಸಿದರೂ ಬಿಡದೆ ಮತ್ತೆ ಮತ್ತೆ ಪರೀಕ್ಷೆಗೆ ಕೂತು, 1898ರಲ್ಲಿ ಸೇರಿದರು. ಓಕ್ಲೆಂಡ್‌ನ ಮಿಲ್ಸ್ ಕಾಲೇಜಿಗೆ 1904ರಲ್ಲಿ ಅವರು ಕಟ್ಟಿಸಿದ ಗಂಟೆಗೋಪುರ ಆರ್‌ಸಿಸಿಯದ್ದು, ಆ ಕಾಲಕ್ಕೆ ಅಲ್ಲಿ ಜಾಸ್ತಿ ಜನ ನಂಬದ ಪದ್ಧತಿ. ಎರಡು ವರ್ಷಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭೂಕಂಪ ಆಯಿತು, ಗೋಪುರ ಹಾಗೇ ನಿಂತಿತ್ತು. ಅದಾದ ಮೇಲೆ ಬೆಂಕಿಗೆ ಸುಟ್ಟಿದ್ದ ಫೇರ್‌ಮಾಂಟ್ ಹೋಟೆಲ್ ರಿಪೇರಿ ಕೆಲಸ ಇವರಿಗೇ ಬಂತು. ನಮ್ಮ ಕ್ಲಾಸಿನ ಹುಡುಗಿಯರು ಸೈಟ್ ವಿಸಿಟ್‌ಗೆ ಹೋದಾಗ ಮೇಸ್ತ್ರಿ ಹುಡುಗರ ಮುಖ ನೋಡಿಯೇ ಉತ್ತರ ಕೊಡುತ್ತಿದ್ದ. ಮೇಡಂ ಪ್ರತಿ ಸಲ ಅವನನ್ನು ಅಲ್ಲೇ ತಡೆದು, ಪ್ರಶ್ನೆ ಕೇಳಿದವಳಿಗೆ ಹೇಳಪ್ಪಾ, ಅನ್ನುತ್ತಿದ್ದರು.

ಸ್ಟಡಿ ಟೂರಿನಲ್ಲಿ ಅಹಮದಾಬಾದ್‌ಗೆ ಹೋಗಿ ಕಾನ್ ಅವರ ಐಐಎಂ ನೋಡಿದೆವು. ಇಟ್ಟಿಗೆ ಕಮಾನು, ಅದರ ಬುಡದಲ್ಲಿ ಎರಡು ಕಡೆಯನ್ನೂ ಹಿಡಿದಿಟ್ಟ ಕಾಂಕ್ರೀಟ್ ಪಟ್ಟಿ, ಸಾಲು ಸಾಲಾಗಿ ನೆರಳು. ಅಲ್ಲಿ ನಿಂತೇ ಮೇಡಂ ಹೇಳಿದ್ದು: 1974ರ ಮಾರ್ಚ್‌ನಲ್ಲಿ ಇದೇ ಊರಿನಿಂದ ವಾಪಸ್ ಹೋಗುವಾಗ ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಲ್ಲಿ ಕಾನ್ ತೀರಿಕೊಂಡರು, ಮನೆಯವರಿಗೆ ಕೂಡಲೇ ಸುದ್ದಿಯೂ ಮುಟ್ಟಲಿಲ್ಲ ಅಂತ. ಅಹಮದಾಬಾದ್‌ನಲ್ಲಿ ಅವರ ಜೊತೆ ಕೆಲಸ ಮಾಡಿದ ಬಿ.ವಿ. ದೋಶಿಯವರೇ ಮುಂದೆ ಬೆಂಗಳೂರಿನ ಐಐಎಂ ಮಾಡಿದರು. ಬನ್ನೇರುಘಟ್ಟ ರಸ್ತೆಯಲ್ಲಿ ಹೋಗುವವರು ಒಮ್ಮೆ ಅನುಮತಿ ತಗೊಂಡು ಒಳಗೆ ಹೋಗಿ ಆ ಕಲ್ಲಿನ ಓಣಿಗಳಲ್ಲಿ ನಡೆಯಿರಿ.

ಅಮೆರಿಕನ್ ಇನ್ಸ್‌ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ಚಿನ್ನದ ಪದಕ ಮಾರ್ಗನ್‌ಗೆ ಬಂದದ್ದು 2014ರಲ್ಲಿ, ಸತ್ತು 57 ವರ್ಷ ಆದ ಮೇಲೆ. ಆ ಪದಕ ಪಡೆದ ಮೊದಲ ಮಹಿಳೆ. ವಿಲಿಯಮ್ಸ್‌ಗೆ 2017ರಲ್ಲಿ, ಅವರು ಹೋಗಿ 37 ವರ್ಷಕ್ಕೆ. ಎರಡು ಸಲವೂ ಮೇಡಂಗೆ ಫೋನ್ ಮಾಡಿದ್ದೆ. ಇಷ್ಟು ತಡ ಮಾಡಿದರಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು, ನನಗೂ ಹಾಗೇ ಅನ್ನಿಸಿತು. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಒಂದು ಬ್ಯಾಂಕಿನ ಜೊತೆ ವಿಲಿಯಮ್ಸ್ ಕಾಗದಪತ್ರವೆಲ್ಲ ಸುಟ್ಟುಹೋಯಿತು ಅಂತಲೇ ಎಷ್ಟೋ ಜನ ನಂಬಿದ್ದರು. 2020ರಲ್ಲಿ ಗೆಟ್ಟಿ ಸಂಸ್ಥೆಯೂ ಅವರು ಓದಿದ ಯೂನಿವರ್ಸಿಟಿಯೂ ಸೇರಿ ಆ ಸಂಗ್ರಹ ತಗೊಂಡಾಗ ಗೊತ್ತಾಯಿತು, ಸುಮಾರು 35,000 ಪ್ಲಾನುಗಳನ್ನು ಮೊಮ್ಮಗಳು ಜೋಪಾನ ಮಾಡಿದ್ದರು ಅಂತ. ಮೇಡಂಗೆ ಹೇಳಿದಾಗ, "ಸದ್ಯ, ಮನೆಯವರ ಹತ್ತಿರ ಇದ್ವಲ್ಲ" ಅಂದರು.

ಅವರು ಕೊಟ್ಟುಹೋದ ಜೆರಾಕ್ಸ್ ಫೈಲು ಈಗಲೂ ನಮ್ಮ ಲೈಬ್ರರಿಯಲ್ಲಿದೆ. ಈಗ ಓದುತ್ತಿರುವವರು ದಯವಿಟ್ಟು ಕೇಳಿ ತೆಗೆಸಿಕೊಳ್ಳಿ. ಸೆಮಿನಾರಿಗೆ ಯಾರನ್ನು ಆರಿಸಿಕೊಳ್ಳೋದು ಅಂತ ಯೋಚಿಸುತ್ತಿದ್ದರೆ ಪಾಲ್ ವಿಲಿಯಮ್ಸ್‌ನಿಂದ ಶುರು ಮಾಡಿ.